ನೂರು ವರ್ಷ ತುಂಬದ ಚಟ

ಅಮೆರಿಕದಲ್ಲಿ ಆಸ್ಟಿನ್ ಬಳಿಯ ಜಾರ್ಜ್‌ಟೌನ್‌ನ ನಮ್ಮ ಬಡಾವಣೆಗೆ ಇತಿಹಾಸವಿದೆ ಎಂಬುದು ಈಜುಕೊಳ ಅಗೆಯುವಾಗ ಅಧಿಕೃತವಾಗಿ ದೃಢಪಟ್ಟಿತು. ಅರವತ್ತೊಂದು ಖಾಲಿ ಸೀಸೆಗಳು ಸಿಕ್ಕವು. ನಿವಾಸಿಗಳ ಸಂಘದ ಅಧ್ಯಕ್ಷ ಮೋಹನರಾಜ ಅವರು ಕೂಡಲೇ ಪರಂಪರೆ ಸಮಿತಿ ರಚಿಸಿ, ಕಾರ್ಯದರ್ಶಿಯಾಗಿ ನನ್ನನ್ನು ಕೂರಿಸಿದರು.

ಆಸ್ಟಿನ್‌ನಲ್ಲಿ ಇತಿಹಾಸ ಓದುತ್ತಿರುವ ನಮ್ಮ ಬಡಾವಣೆಯ ಹುಡುಗಿ ಇಂಚರಾ ಪರಿಶೀಲಿಸಿ ವರದಿ ಕೊಟ್ಟಳು. ಸೀಸೆಗಳಲ್ಲಿದ್ದದ್ದು ಅಫೀಮಿನ ದ್ರಾವಣ. 1878ರಲ್ಲಿ ಇಲ್ಲಿದ್ದ ಜಡ್ಜ್ ಒಬ್ಬರ ಹೆಂಡತಿಗೆ ಹಲ್ಲುನೋವಿಗೆಂದು ಡಾಕ್ಟರು ಕೊಟ್ಟದ್ದು. ಹಲ್ಲು ಉದುರಿಹೋದ ಮೇಲೂ ಹತ್ತೊಂಬತ್ತು ವರ್ಷ ಆಕೆಗೆ ಅದನ್ನು ಬಿಡಲಾಗಲಿಲ್ಲ. ಡಾಕ್ಟರ ಪುಸ್ತಕದಲ್ಲಿ ಕೂಲಿಯವರ ಹೆಸರಿನ ಮುಂದೆ 'ಅಫೀಮಿನ ಚಟ' ಎಂದೂ ಆಕೆಯ ಹೆಸರಿನ ಮುಂದೆ 'ನರಗಳ ದೌರ್ಬಲ್ಯ' ಎಂದೂ ಇತ್ತು.

"ಎಷ್ಟು ಸಂಸ್ಕಾರವಂತ ಡಾಕ್ಟರು ನೋಡಿ!" ಎಂದರು ಅಧ್ಯಕ್ಷರು. ಸೀಸೆಗಳಿಗೆ ಗಾಜಿನ ಕಪಾಟು, ದೀಪ, ಫಲಕ ಸರ್ವಾನುಮತದಿಂದ ಮಂಜೂರಾದವು.

ಆಗ ಅನುಸೂಯಾ ಎದ್ದು ನಿಂತರು. ಅವರ ಮಗ ದುಷ್ಯಂತ್‌ಗೆ ಮೊಣಕಾಲಿನ ಆಪರೇಷನ್ ಆದಾಗ ಕೊಟ್ಟ, ಅಫೀಮಿನದೇ ಜಾತಿಯ ನೋವಿನ ಮಾತ್ರೆ ಇನ್ನೂ ನಿಂತಿರಲಿಲ್ಲ.

"ಎರಡು ಸಲ ಉಸಿರೇ ನಿಂತುಹೋಗಿತ್ತು ಸರ್. ಮೂಗಿಗೆ ಹೊಡೆಯೋ ಸ್ಪ್ರೇ ಇದೆ, ಉಸಿರು ವಾಪಸ್ ಬರತ್ತೆ. ಕ್ಲಬ್‌ಹೌಸ್ ಗೋಡೆಗೆ ಅದರದ್ದೊಂದು ಬಾಕ್ಸ್ ಹಾಕ್ಸಿ. ಇನ್ನೂ ಯಾರ್ಯಾರ ಮನೇಲಿ ಈ ಚಟ ಇದೆಯೋ."

"ಮನೆ ಕೊಳ್ಳೋಕೆ ಬಂದೋರು ಬಾಕ್ಸ್ ನೋಡಿದ್ರೆ ಏನಂದ್ಕೊಳ್ತಾರೆ, ಅನುಸೂಯಾ ಅವರೇ? ರೂಲ್ ಪ್ರಕಾರ ಚಟಕ್ಕೆ ನೂರು ವರ್ಷ ತುಂಬಿರ್ಬೇಕು. ಆಮೇಲೆ ಅದು ಪರಂಪರೆ. ಅಲ್ಲೀವರೆಗೂ ನಿಮ್ಮನೆ ವಿಷಯ," ಎಂದರು ಅಧ್ಯಕ್ಷರು.

ಸದರಿ ನಿಯಮವನ್ನು ಅದೇ ನಿಮಿಷದಲ್ಲಿ ರಚಿಸಿ ಅಂಗೀಕರಿಸಲಾಯಿತು. ನನಗೆ ಮೈಯೆಲ್ಲ ಉರಿಯಿತು. ಆದರೂ ದುಂಡಗಿನ ಅಕ್ಷರದಲ್ಲಿ ಬರೆದುಕೊಂಡೆ.

ಉದ್ಘಾಟನೆಯ ದಿನ ಕಪಾಟಿನ ಎದುರಿಗೇ ದುಷ್ಯಂತ್ ಕುಸಿದ. ತುಟಿ ನೀಲಿಯಾಯಿತು. ಅನುಸೂಯಾ ತಮ್ಮ ಬ್ಯಾಗಿನಿಂದ ಸ್ಪ್ರೇ ತೆಗೆದು ಮಗನ ಮೂಗಿಗೆ ಹೊಡೆದರು. ಅವನು ಉಸಿರೆಳೆದಾಗ ನಾನು ಅತ್ತೇಬಿಟ್ಟೆ. ಆಂಬುಲೆನ್ಸ್ ಹೋದ ಮೇಲೆ ಬಿಸಿಬೇಳೆಬಾತ್ ಬಡಿಸಲಾಯಿತು.

ಮುಂದಿನ ಸಭೆಯ ನಡಾವಳಿ ಹೀಗಿದೆ: 'ಎ.ಸಿ. ಹಾಲ್‌ನೊಳಗೆ ಯುವಕನೊಬ್ಬನಿಗೆ ಬಿಸಿಲಿನಿಂದ ತಲೆಸುತ್ತು ಬಂದಿರುತ್ತದೆ. ಆದಕಾರಣ ಬಾಕ್ಸ್‌ನ ಅಗತ್ಯ ಕಂಡುಬರುವುದಿಲ್ಲ.'

ಎಲ್ಲರೂ ಸಹಿ ಹಾಕಿದರು. ಪುಸ್ತಕ ಅನುಸೂಯಾ ಅವರ ಮುಂದೆ ಬಂತು. ಅವರು ಎರಡು ಸಲ ಓದಿದರು. ದುಷ್ಯಂತ್‌ಗೆ ಹೆಣ್ಣು ಕೊಡಲಿರುವ ಫುಲ್‌ಶೀರ್ ಊರಿನವರು, ಹುಡುಗ ಕುಸಿದ ಸುದ್ದಿ ಕಿವಿಗೆ ಬಿದ್ದು, ಈ ನಡಾವಳಿಯದೊಂದು ಪ್ರತಿ ಕೇಳಿದ್ದರು.

"ಹೌದು, ಅವತ್ತು ತುಂಬಾ ಬಿಸಿಲಿತ್ತು," ಎಂದು ಅನುಸೂಯಾ ಅವರೂ ಸಹಿ ಹಾಕಿದರು.