ಡೀನ್ಸ್‌ಟಾಗ್ ಬ್ಯಾಂಡಿನ ಗಿರಿಜಾ

ಗ್ರೀನ್ ಕಾರ್ಡಿಗೆ ಕಾಯುತ್ತಿರುವ ಮನುಷ್ಯನಿಗೆ ಹೆದರುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ಕೆಂಡಲ್ ಪಾರ್ಕ್ ಎಂಬ ಊರಿನಲ್ಲಿದ್ದಾಗ ನಾನು ಟಪಾಲಿನವನಿಗೆ ಹೆದರುತ್ತಿದ್ದೆ, ಹಿಂದೆ ಬರುವ ಪೊಲೀಸ್ ಕಾರಿಗೆ ಹೆದರುತ್ತಿದ್ದೆ. ಲೈಬ್ರರಿ ಪುಸ್ತಕ ತಡವಾಗಿ ಹಿಂತಿರುಗಿಸಿದರೆ ದೇಶ ಬಿಡಿಸುತ್ತಾರೇನೋ ಎಂದೂ ಹೆದರುತ್ತಿದ್ದೆ. ಇಂಥವನ ಹೆಂಡತಿ ಹೋಗಿ ಜರ್ಮನ್ ಹೆಂಗಸರ ಪಾಪ್ ರಾಕ್ ಬ್ಯಾಂಡಿಗೆ ಸೇರಿದಳು.

ಆದದ್ದಿಷ್ಟು. ಹತ್ತಿರದ ಪಿಸ್ಕಾಟವೇ ಊರಿನಲ್ಲಿದ್ದ ನಮ್ಮ ಟೆಲಿಕಾಂ ಆಫೀಸಿಗೆ ಜರ್ಮನಿಯಿಂದ ಕೆಲವು ಎಂಜಿನಿಯರುಗಳು ಬಂದಿದ್ದರು. ಅವರ ಹೆಂಡಂದಿರಿಗೂ ನನ್ನ ಗಿರಿಜಾಳಿಗಿದ್ದಂಥದೇ ವೀಸಾ ಕಷ್ಟ. ಇಲ್ಲಿ ಕೆಲಸ ಮಾಡುವಂತಿಲ್ಲ. ಗಂಡಂದಿರು ಕಾರು ತೆಗೆದುಕೊಂಡು ಹೋದರೆ ಸಂಜೆಯವರೆಗೆ ಗೋಡೆ ನೋಡುತ್ತ ಕೂರಬೇಕು. ಬೇಸತ್ತು ನಾಲ್ವರು ಸೇರಿ ಬ್ಯಾಂಡ್ ಕಟ್ಟಿದರು. ಮಂಗಳವಾರ ಮಂಗಳವಾರ ಅಭ್ಯಾಸ ಮಾಡುತ್ತಿದ್ದರಿಂದ ಅದಕ್ಕೆ ತಮ್ಮ ಭಾಷೆಯಲ್ಲಿ ಮಂಗಳವಾರ, ಅಂದರೆ ಡೀನ್ಸ್‌ಟಾಗ್, ಎಂದೇ ಹೆಸರಿಟ್ಟರು. ಮುಖ್ಯ ಗಾಯಕಿ ನಮ್ಮ ಹಿಂಬದಿಯ ಮನೆಯವಳು, ಹೆಸರು ಊಟೆ. ಆಕೆ ಮೊದಲ ಸಲ ಬಾಗಿಲಲ್ಲಿ ನಿಂತು ಹೆಸರು ಹೇಳಿದಾಗ ಊಟಕ್ಕೆ ಕರೆಯುತ್ತಿದ್ದಾಳೆಂದು ನಾನು ಚಪ್ಪಲಿ ಹಾಕಿಕೊಂಡೆ.

ಅವಳು ಬಂದದ್ದು ಗಿರಿಜಾಳನ್ನು ಕೇಳಲು. ಕೀಬೋರ್ಡ್ ನುಡಿಸುವವಳು ಹೆರಿಗೆಗೆಂದು ಊರಿಗೆ ಹೋಗಿದ್ದಳಂತೆ. ಕಿಟಕಿಯಿಂದ ಗಿರಿಜಾಳ ಹಾರ್ಮೋನಿಯಂ ಕೇಳಿಸುತ್ತಿತ್ತಂತೆ. ಧಾರವಾಡದಲ್ಲಿ ಎಂಟು ವರ್ಷ ಕಲಿತ ಕೈ ಅದು. ಒಂದು ತಿಂಗಳಲ್ಲಿ ನನ್ನ ಹೆಂಡತಿ ಒಗ್ಗರಣೆಗೆ ಸಾಸಿವೆ ಹಾಕುತ್ತ ಜರ್ಮನ್ ಗುನುಗತೊಡಗಿದಳು.

ಊರಿನ ಪಾರ್ಕಿನಲ್ಲಿ ಬ್ಯಾಂಡಿನ ಬೇಸಿಗೆ ಕಾರ್ಯಕ್ರಮ ನಿಗದಿಯಾದಾಗ ನನ್ನ ಎದೆ ಒಡೆಯಿತು. ಗ್ರೀನ್ ಕಾರ್ಡ್ ಇಂಟರ್‌ವ್ಯೂ ಇದ್ದದ್ದು ಅದರ ಮರುವಾರ.

"ಸ್ಟೇಜ್ ಹತ್ತಿದರೆ ಕೆಲಸ ಮಾಡಿದ ಹಾಗೆ ಅಂದುಬಿಟ್ಟರೆ ಏನು ಗತಿ, ಗಿರಿಜಾ?"

"ರೊಕ್ಕ ಕೊಡೂದಿಲ್ರಿ. ಚಪ್ಪಾಳಿ ಹೊಡೀತಾರ, ಅಷ್ಟ."

ಅವಳು ಇಳಕಲ್ ಸೀರೆ ಉಟ್ಟು ನುಡಿಸಿದಳು. ಜನ ಕುಣಿದರು. ನಾನು ಮರದ ಮರೆಯಲ್ಲಿ ನಿಂತು, ಕೋಟು ಹಾಕಿದವರನ್ನೆಲ್ಲ ಸರ್ಕಾರಿ ಅಧಿಕಾರಿಗಳೆಂದು ತಿಳಿದು ಬೆವತೆ. ಮೂರು ದಿನದ ಮೇಲೆ ಊರಿನ ಪತ್ರಿಕೆಯಲ್ಲಿ ಫೋಟೋ ಬಂತು. ಸೀರೆಯ ದಡಿ ಸಹ ಸ್ಪಷ್ಟವಾಗಿ ಕಾಣುತ್ತಿತ್ತು.

ಇಂಟರ್‌ವ್ಯೂಗೆಂದು ನ್ಯೂಆರ್ಕಿಗೆ ಹೋಗುವಾಗ ದಾರಿಯುದ್ದಕ್ಕೂ ಹೇಳಿದೆ: "ಕೇಳಿದರೆ ಹೌಸ್‌ವೈಫ್ ಅನ್ನು. ಅಲ್ಲಿಗೆ ನಿಲ್ಲಿಸು."

"ಕೇಳಿದ್ದಕ್ಕ ಇದ್ದದ್ದು ಹೇಳ್ತೀನಿ."

ಅಧಿಕಾರಿ ನನ್ನ ಡಿಗ್ರಿಗಳನ್ನು ಕಣ್ಣೆತ್ತದೆ ತಿರುವಿ ಹಾಕಿದ. ಆಮೇಲೆ ಅವಳತ್ತ ತಿರುಗಿ, ದಿನವಿಡೀ ಏನು ಮಾಡುತ್ತೀರಿ ಎಂದು ಕೇಳಿದ.

"ಜರ್ಮನ್ ಬ್ಯಾಂಡಿನಲ್ಲಿ ನುಡಿಸುತ್ತೇನೆ," ಎಂದಳು ಇಂಗ್ಲಿಷಿನಲ್ಲಿ, ಸರಾಗವಾಗಿ.

ಅವನ ಪೆನ್ನು ನಿಂತಿತು.

"ದುಡ್ಡು ಕೊಡುತ್ತಾರೆಯೇ?"

"ಇಲ್ಲ. ಹಾಟ್ ಡಾಗ್ ಕೊಟ್ಟರು. ನಾವು ಮಾಂಸ ತಿನ್ನುವುದಿಲ್ಲ, ಅದನ್ನೂ ವಾಪಸ್ ಕೊಟ್ಟೆ."

ಅವನು ಫೈಲು ಎತ್ತಿಕೊಂಡು ಒಳಗೆ ಹೋದ. ಬಾಗಿಲು ಮುಚ್ಚಿತು. ಪಾತ್ರೆ ಪಡಗ ಯಾರಿಗೆ ಕೊಡುವುದು, ಕಾರು ಯಾರಿಗೆ ಮಾರುವುದು ಎಂದು ನಾನು ಯೋಚಿಸತೊಡಗಿದೆ. ಗಿರಿಜಾ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದಳು. ಅವನು ಮರಳಿದಾಗ ಜೊತೆಗೊಬ್ಬ ವಯಸ್ಸಾದ ಹೆಂಗಸಿದ್ದಳು. ಆಕೆಯೂ ಅಧಿಕಾರಿಯೇ, ತಾಯಿ ಜರ್ಮನಿಯವಳಂತೆ. ಒಂದು ಸಾಲು ಹಾಡಿ ನೋಡೋಣ ಎಂದಳು. ಇದು ಪರೀಕ್ಷೆಯೋ ಕುತೂಹಲವೋ ನನಗೆ ತಿಳಿಯಲಿಲ್ಲ. ಗಿರಿಜಾ ಮೇಜಿನ ಮೇಲೆ ಬೆರಳಾಡಿಸುತ್ತ ಹಾಡಿದಳು. ಹೆಂಗಸು ತಲೆ ಓರೆಮಾಡಿ ಕೇಳಿ, "ಮಾತು ಒಂದೂ ತಿಳಿಯಲಿಲ್ಲ, ಆದರೆ ಚೆನ್ನಾಗಿದೆ," ಎಂದಳು. ಅವನು ನಗುತ್ತ ಪಾಸ್‌ಪೋರ್ಟಿಗೆ ಮುದ್ರೆ ಒತ್ತಿದ.

ಡೀನ್ಸ್‌ಟಾಗ್ ಮತ್ತೆ ಸ್ಟೇಜ್ ಹತ್ತಲಿಲ್ಲ. ಎಲೆ ಉದುರುವ ಹೊತ್ತಿಗೆ ಕಂಪನಿ ಜರ್ಮನರನ್ನು ವಾಪಸ್ ಕರೆಸಿಕೊಂಡಿತು. ಊಟೆ ಗಿರಿಜಾಳನ್ನು ತಬ್ಬಿಕೊಂಡು ಅತ್ತು, ಕೀಬೋರ್ಡನ್ನು ನಮ್ಮ ಮನೆಯಲ್ಲೇ ಬಿಟ್ಟು ಹೋದಳು. ಅದಾದ ಮೇಲೆ ಮಂಗಳವಾರಗಳಂದು ಮನೆ ತೀರ ಸುಮ್ಮನಿರುತ್ತಿತ್ತು. ಬ್ಯಾಂಡ್ ಮುಚ್ಚಲಿ ಎಂದು ಹರಕೆ ಹೊತ್ತವನಿಗೇ ಅದು ತಡೆಯದೆ, ಒಂದು ಸಂಜೆ, "ಆ ಹಾಡು ನುಡಿಸೇ," ಎಂದೆ.

"ಡ್ರಮ್ ಬೇಕಲ್ರಿ ಅದಕ್ಕ."

ನಾನು ಅಕ್ಕಿ ಡಬ್ಬಿ ಬೋರಲು ಹಾಕಿಕೊಂಡು ಬಡಿಯತೊಡಗಿದೆ. ಅವಳು ನಾಲ್ಕು ಸಾಲು ಸಹಿಸಿಕೊಂಡು ಕೈ ನಿಲ್ಲಿಸಿದಳು.

"ಬಿಡ್ರಿ. ಇಂಟರ್‌ವ್ಯೂ ದಿನ ನಿಮ್ಮ ಮೊಣಕಾಲು ಇದಕ್ಕಿಂತ ಛಲೋ ತಾಳ ಹಾಕ್ತಿದ್ವು."