ಜಿಂಕೆ ಹಾಲಿನ ತಂಬಿಗೆ

ಮುದನಾಳದ ದ್ಯಾವಪ್ಪನಿಗೆ ಗೊತ್ತಿಲ್ಲದ ಮಾತೇ ಇಲ್ಲ. ಅದೇ ಅವನ ಹೆಂಡತಿ ಮಲ್ಲಿಕಮ್ಮನ ಪಾಲಿನ ದೊಡ್ಡ ಬೇನೆ. ಈಗ ಮನೆಗೆ ನಿಜವಾದ ಬೇನೆಯೂ ಬಂದಿತ್ತು. ಅಂಗಳ ತುಂಬ ಓಡಾಡುವ ಮೊಮ್ಮಗಳು ಕವಿತಾ ಭೇದಿ ಹತ್ತಿ, ಬಾಡಿದ ಪುಂಡಿ ಸೊಪ್ಪಿನಂತೆ ಮಲಗಿಬಿಟ್ಟಿದ್ದಳು. ದ್ಯಾವಪ್ಪನಿಗೆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. (ಮೂರನೆಯದು ಮಾತ್ರ. ಮೊದಲೆರಡು ಇಳಿದಿದ್ದವು.)

ಸಂಜೆ ಸೊಸೆ ಸುಮಲತಾ ಕೂಸನ್ನು ದವಾಖಾನೆಗೆ ತೋರಿಸಿಕೊಂಡು ಬಂದಳು. "ಭೇದಿ ಆದ್ರ ಕೂಸಿನ ಮೈಯಾಗ ಜಿಂಕ್ ಕಮ್ಮಿ ಆಗ್ತದಂತ್ರಿ ಅತ್ತಿ. ಜಿಂಕ್ ಕೊಡ್ಬೇಕಂತ..."

"ಜಿಂಕಿ?" ಕಟ್ಟೆಯ ಮೇಲಿಂದಲೇ ದ್ಯಾವಪ್ಪ ಮಾತು ತುಂಡರಿಸಿದ. "ಅದು ಪುಸ್ತಕದ ಮಾತು. ನಮ್ಮ ಕಡಿ ಚಿಗರಿ ಅಂತಾರ."

"ಚಿಗರಿ ಮುಟ್ಟಿದ್ರ ಜೇಲಿಗಿ ಹಾಕ್ತಾರ. ಅಕಿ ಮಾತು ಮುಗಸ್ಲಿ, ಸುಮ್ಕಿರ್ರಿ," ಎಂದಳು ಮಲ್ಲಿಕಮ್ಮ.

"ಕೊಂದ್ರ ಜೇಲು. ಹಾಲು ಹಿಂಡಿದ್ರ ಎಲ್ಲಿ ಜೇಲದ?"

ಮರುದಿನ ನಸುಕಿನಲ್ಲೇ ತಂಬಿಗೆ ಹಿಡಿದು ಹೊರಟ. ಪರಮಣ್ಣನ ಕಡಲೆ ಹೊಲಕ್ಕೆ ಚಿಗರಿಯ ಹಿಂಡು ಬಂದಿತ್ತು. ಆದರೆ ಹಿಂಡಿಸಿಕೊಳ್ಳಲು ಒಂದೂ ನಿಲ್ಲಲಿಲ್ಲ. "ಬಾ ತಾಯಿ, ಬಾ" ಎಂದು ಎಮ್ಮೆ ಕರೆದಂತೆ ಕರೆದದ್ದೇ ತಡ, ಹತ್ತಿಕುಣಿ ದಿಕ್ಕಿಗೆ ನೆಗೆದು ಮಾಯವಾದವು. ಮತ್ತೆ ಬಂದಾವೆಂದು ಹೊಲಕ್ಕೂ ದಾರಿಗೂ ಎಡತಾಕಿ, ಕೊನೆಗೆ ಬರಿ ತಂಬಿಗೆಯೊಂದಿಗೆ ತಿರುಗುವಾಗ ಎದುರಾದವನು ಅಂಬ್ರಪ್ಪ. ದ್ಯಾವಪ್ಪ ಪಂಚಾಯತಿ ಮೆಂಬರಾಗಿದ್ದಾಗ, "ತಂಬಿಗಿ ಹಿಡಿದು ಹೊಲಕ್ಕ ಹೋಗ್ತಿ, ನಾಚಿಕಿಲ್ಲ? ಪಾಯಖಾನಿ ಕಟ್ಟಿಸು" ಎಂದು ಓಣಿಯಲ್ಲಿ ನಿಲ್ಲಿಸಿ ಬೈದದ್ದು ಇದೇ ಅಂಬ್ರಪ್ಪನನ್ನು.

"ಏನ್ರಿ ಮೆಂಬರ್ ಸಾಹೇಬ್ರ, ಮುಂಜಾನಿಂದ ಇದು ಎಷ್ಟನೇ ಸಲ?"

ಚಿಗರಿ ಹಿಂಡಲು ಹೋಗಿದ್ದೆ ಎನ್ನುವುದಕ್ಕಿಂತ ಅದೇ ವಾಸಿ ಅನ್ನಿಸಿತು. ದ್ಯಾವಪ್ಪ ಹೊಟ್ಟೆ ಹಿಡಿದುಕೊಂಡು ನಡೆದ.

ಮನೆಯಲ್ಲಿ ನೋಡಿದರೆ ಕವಿತಾ ಎದ್ದು ಕುಳಿತು, ಅಜ್ಜನ ಪಾಲಿನ ರೊಟ್ಟಿಯನ್ನೇ ಕಡಿಯುತ್ತಿದ್ದಳು. ಅವನ ಕಣ್ಣು ತುಂಬಿ ಬಂತು.

"ಜಿಂಕಿ ಎಲ್ಲಿ ಸಿಕ್ತು?"

ಸುಮಲತಾ ಗುಳಿಗೆ ತೋರಿಸಿದಳು. "ಇದ್ರಾಗ್ರಿ ಮಾವ. ನಿನ್ನೆ ಚಮಚ ನೀರಾಗ ಕರಗಿಸಿ ಕುಡಸಿದ್ವಿ, ಓಆರೆಸ್ ನೀರೂ ಕೊಟ್ವಿ. ಭೇದಿ ನಿಂತ್ರೂ ಹೇಳಿದಷ್ಟು ದಿನ ಗುಳಿಗಿ ಬಿಡಬಾರ್ದಂತ. ನೀವು ಹೇಳ್ಲಾಕ ಬಿಟ್ರ ಅಲ್ಲ?"

ಅಷ್ಟರಲ್ಲಿ ಆಶಾ ಕಾರ್ಯಕರ್ತೆ ಶಾಂತಾದೇವಿ ಪೊಟ್ಟಣ ಹಿಡಿದು ಬಾಗಿಲಿಗೆ ಬಂದಳು. "ದ್ಯಾವಪ್ಪಣ್ಣಗೂ ಭೇದಿ ಭಾಳ ಆಗ್ಯದಂತಲ್ರಿ? ಅಂಬ್ರಪ್ಪ ಊರೆಲ್ಲ ಹೇಳ್ಲಾಕತ್ತಾನ. ಒಂದು ಲೋಟ ಕೊಡ್ರಿ, ಓಆರೆಸ್ ಕಲಸಿ ಕೊಡ್ತೀನಿ."

ಮಲ್ಲಿಕಮ್ಮ ಗಂಡನ ಮುಖ ನೋಡಿದಳು, ಕೈಯಲ್ಲಿದ್ದ ತಂಬಿಗೆ ನೋಡಿದಳು. ಮೆಲ್ಲಗೆ ಇಸಿದುಕೊಂಡು ಮುಂದಿಟ್ಟಳು.

"ಲೋಟ ಯಾಕ್ರಿ ಶಾಂತಾದೇವಿ, ಇದ್ರ ತುಂಬ ಮಾಡ್ರಿ."

ಕೂಸು ಕಿಲಕಿಲ ನಗುತ್ತಿತ್ತು. ಅದನ್ನೇ ನೋಡುತ್ತ ದ್ಯಾವಪ್ಪ, ಹುಟ್ಟಿದಂದಿನಿಂದ ಮೊದಲ ಸಲ ಒಂದು ಮಾತೂ ಆಡದೆ, ತಂಬಿಗೆ ಎತ್ತಿ ಪೂರಾ ಕುಡಿದ.