ಕೊಟ್ಟಿಗೆಯಲ್ಲಿ ಬಿಡಾರ ಹೂಡಿದ ಮಾವ

ನಮ್ಮ ಸೋದರಮಾವ ಕಟ್ಟಿಕೊಂಡ ಹೆಂಡತಿಯನ್ನು ಬಿಟ್ಟು ಹಸುವಿನ ಜೊತೆ ಇರಲು ಹೋದರು ಎಂದರೆ ನೀವು ನಂಬುತ್ತೀರಾ? ನಂಬಲೇಬೇಕು. ಇದರಲ್ಲಿ ಚೌಕಾಸಿಗೆ ಜಾಗವಿಲ್ಲ. ಅದೂ ಎಂಥ ಹೆಂಡತಿ! ಬೆಂಗಳೂರಿನಿಂದ ಕಾರು ಮಾಡಿಕೊಂಡು ಬಂದು ಉಣ್ಣುವಂಥ ಮಸ್ಸೊಪ್ಪು ಮಾಡುವ ಹೆಂಡತಿ. ಎಂಥ ಹಸು? ಒದೆಯುವ ಹಸು.

ಕಾರಣ ಮೊದಲೇ ಹೇಳಿಬಿಡುತ್ತೇನೆ. ಗಿರಾಕಿಗೆ ಮಾಲಿನ ಒಡಕನ್ನು ಮುಂಚೆಯೇ ತೋರಿಸುವುದು ನನ್ನ ವ್ಯಾಪಾರದ ಪದ್ಧತಿ. ನಮ್ಮತ್ತೆಗೆ ಉಬ್ಬಸ. ಚಳಿಗಾಲ ಬಂದರೆ ಅವರ ಎದೆಯೊಳಗೆ ಯಾರೋ ಹಳೇ ಬಾಗಿಲು ತೆಗೆದು ಹಾಕಿ ಮಾಡುತ್ತಿರುತ್ತಾರೆ. ಕೊರೋನ ಬಂದಾಗ ಡಾಕ್ಟರು ಮಾವನನ್ನು ಪಕ್ಕಕ್ಕೆ ಕರೆದು, ಇವರಿಗೆ ತಗುಲಿದರೆ ಉಳಿಸಿಕೊಳ್ಳುವುದು ಕಷ್ಟ ಎಂದಿದ್ದರು. ಮನೆಯಿಂದ ಆಚೆ ಹೋಗುವವರು ಯಾರು? ದಿನಾ ಡೈರಿಗೆ ಹಾಲು ಹಾಕಲು ಮಾವ ಒಬ್ಬರೇ. ಹಾಗಾದರೆ ಅಪಾಯ ಯಾರು? ಮಾವನೇ! ಅವರು ಒಂದು ಚಾಪೆ, ಒಂದು ತಟ್ಟೆ, ಒಂದು ಚೊಂಬು ಎತ್ತಿಕೊಂಡು ಅಂಗಳ ದಾಟಿ ಕೊಟ್ಟಿಗೆ ಸೇರಿದರು. ಲೋಕವೆಲ್ಲ ಮನೆಯೊಳಗೆ ಸೇರಿಕೊಂಡಾಗ ಮನೆ ಬಿಟ್ಟ ಮನುಷ್ಯ ನಮ್ಮ ಕಡೆ ಇವರೊಬ್ಬರೇ ಇರಬೇಕು.

ಅವರ ಊರು ಬಂಗಾರಪೇಟೆಗೂ ಕೆ.ಜಿ.ಎಫ್.ಗೂ ನಡುವೆ ಇದೆ. ನಾನು ಬಂಗಾರಪೇಟೆಯಲ್ಲಿ ಹಳೇ ಮರದ ಸಾಮಾನಿನ ಅಂಗಡಿ ಇಟ್ಟವಳು. ಕೆ.ಜಿ.ಎಫ್.ನ ಬಂಗಲೆಗಳಲ್ಲಿ ಗಣಿಯ ಬಿಳಿ ದೊರೆಗಳು ಬಿಟ್ಟುಹೋದ ಕುರ್ಚಿ, ಮಂಚ, ಕನ್ನಡಿ ಬೀರುಗಳನ್ನು ಕೊಂಡು, ಒರೆಸಿ, ಮಾರುತ್ತೇನೆ. (ಬುದ್ಧಿಮಾತು ಪುಕ್ಕಟೆ: ಹಳೇ ಕುರ್ಚಿ ಕೊಳ್ಳುವಾಗ ಕೂತು ನೋಡಬೇಡಿ, ತಲೆಕೆಳಗು ಮಾಡಿ ನೋಡಿ.) ಅಂಗಡಿ ಮುಚ್ಚಿತು, ರೈಲು ನಿಂತಿತು, ಒಂಟಿ ಜೀವ, ಅತ್ತೆಗೆ ನೆರವಾದರೂ ಆಗೋಣವೆಂದು ಬ್ಯಾಗು ಹಿಡಿದು ಹೋದೆ. ಮಾವ ಗೇಟಿನಲ್ಲೇ ಕೋಲು ಅಡ್ಡ ಹಿಡಿದರು. ಹೊಂಗೆ ಮರದ ಕೆಳಗಿನ ಹುಲ್ಲಿನ ಚಪ್ಪರ ತೋರಿಸಿ, ಡಾಕ್ಟರು ಹೇಳಿದಷ್ಟು ದಿನ ಅಲ್ಲಿರು, ಆಮೇಲೆ ಒಳಗೆ ಎಂದರು. ನಾನು ಬಿಟ್ಟೇನೆಯೇ? ಅರ್ಧಕ್ಕೆ ಕೇಳಿದೆ. ಅವರು ಎರಡು ದಿನ ಏರಿಸಿದರು. ನನಗೆ ಕೆಮ್ಮಿಲ್ಲ, ಜ್ವರವಿಲ್ಲ ಎಂದೆ. ಇನ್ನೆರಡು ಏರಿತು. ಬಾಯಿ ಮುಚ್ಚಿಕೊಂಡು ಚಪ್ಪರಕ್ಕೆ ಹೋದೆ. ಹೇಳಿದ ರೇಟಿಗಿಂತ ಹೆಚ್ಚಿಗೆ ಕೊಟ್ಟು ಬಂದದ್ದು ನನ್ನ ಜನ್ಮದಲ್ಲಿ ಅದೇ ಮೊದಲು!

ಆದರೆ ಆ ಚಪ್ಪರದ ದಿನಗಳು ಇವತ್ತಿಗೂ ನನಗೆ ನಿಜವೋ ಕನಸೋ ತಿಳಿಯದು. ಹೊಂಗೆ ಹೂ ಬಿಡುವ ಕಾಲ. ಮಲಗಿದ್ದರೆ ಹೂವು ಸದ್ದಿಲ್ಲದೆ ಮೈಮೇಲೆ ಉದುರುತ್ತಿತ್ತು. ರಸ್ತೆಯಲ್ಲಿ ಗಾಡಿಯಿಲ್ಲ, ಬಂಗಾರಪೇಟೆ ಕಡೆಯಿಂದ ರೈಲಿನ ಕೂಗಿಲ್ಲ. ದೂರದಲ್ಲಿ, ಚಿನ್ನ ತೆಗೆದು ಸುರಿದ ಗಣಿಮಣ್ಣಿನ ಸೈನೈಡ್ ದಿಬ್ಬಗಳು ಯಾರೋ ಒಣಗಲು ಹರಡಿ ಮರೆತುಹೋದ ಪಂಚೆಯ ಹಾಗೆ ಬೆಳ್ಳಗೆ ಬಿದ್ದುಕೊಂಡಿದ್ದವು. ಮಧ್ಯಾಹ್ನ ಎಷ್ಟು ಹೊತ್ತಾದರೂ ಮುಗಿಯುತ್ತಿರಲಿಲ್ಲ. ಹಸು ಮೆಲುಕು ಹಾಕುವ ಸದ್ದು, ಅಡುಗೆಮನೆಯಲ್ಲಿ ಅತ್ತೆ ಮೊರದಲ್ಲಿ ರಾಗಿ ಕೇರುವ ಸದ್ದು, ಎರಡೂ ಸೇರಿ ನಾನು ತೇಲಿಹೋಗುತ್ತಿದ್ದೆ. ಎಚ್ಚರವಾದಾಗ ಸಂಜೆಯೋ ಬೆಳಗೋ ಗೊತ್ತಾಗದೆ ಹಸುವಿನ ಮುಖ ನೋಡುತ್ತಿದ್ದೆ. ಅದಕ್ಕೂ ಗೊತ್ತಿದ್ದಂತೆ ಕಾಣಲಿಲ್ಲ.

ಅಷ್ಟರಲ್ಲಿ ಮಾವ ಏನಾದರೂ ಒಂದನ್ನು ತೊಳೆಯುತ್ತಿರುತ್ತಿದ್ದರು. ಟೊಮೊಟೊ ಬಿಡಿ, ಅದನ್ನು ಎಲ್ಲರೂ ತೊಳೆದರು. ಇವರು ಗ್ಯಾಸ್ ಸಿಲಿಂಡರನ್ನು ಬಾಣಂತಿ ಮನೆಯ ಮಗುವಿನ ಹಾಗೆ ಕಾಲ ಮೇಲೆ ಒರಗಿಸಿಕೊಂಡು, ಬಿಸಿನೀರು ಹುಯ್ದು, ಸೋಪು ಉಜ್ಜಿ, ಬಿಸಿಲಿಗೆ ಮಲಗಿಸುತ್ತಿದ್ದರು. ದೃಷ್ಟಿಬೊಟ್ಟು ಒಂದು ಇಡಲಿಲ್ಲ. ದಿನಪತ್ರಿಕೆಗೆ ಸಾಂಬ್ರಾಣಿ ಹೊಗೆ ಹಾಕುವಾಗ ಒಂದು ದಿನ ಅದಕ್ಕೆ ಬೆಂಕಿಯೇ ಹತ್ತಿತು. ಒಳ್ಳೇದಾಯ್ತು ಬಿಡು, ಅದ್ರಾಗೆ ಬರೀ ಅದೇ ಸುದ್ದಿ ಇರ್ತದೆ ಎಂದು ಬೂದಿಯನ್ನು ಪಾತಿಗೆ ಹಾಕಿದರು.

ಇನ್ನು ಬೆಲ್ಲಿನ ಕಥೆ. ಮಾವ ವಯಸ್ಸಿನಲ್ಲಿ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ಇಳಿದು ದುಡಿದವರು. ಅಲ್ಲಿ ಆಳುಗಳನ್ನು ಕಬ್ಬಿಣದ ಪಂಜರದಲ್ಲಿ ಇಳಿಸುತ್ತಾರೆ. ಮೇಲೆ ಯಂತ್ರ ನಡೆಸುವವನಿಗೆ ಕೆಳಗಿನದು ಏನೂ ಕಾಣದು. ಎಲ್ಲವೂ ಬೆಲ್ಲಿನ ಮೇಲೆ. ಇಷ್ಟು ಹೊಡೆದರೆ ಇಳಿಸು, ಇಷ್ಟು ಹೊಡೆದರೆ ಏರಿಸು. ಅದೇ ಪದ್ಧತಿ ಇಲ್ಲಿಗೂ ಬಂತು. ಕೊಟ್ಟಿಗೆಯ ಕಂಬದಿಂದ ಅಡುಗೆಮನೆ ಕಿಟಕಿಗೆ ಹಗ್ಗ ಎಳೆದು, ಎರಡು ತುದಿಗೂ ಎತ್ತಿನ ಕೊರಳ ಗಂಟೆ ಕಟ್ಟಿದರು. ಒಂದು ಹೊಡೆದರೆ ಊಟ ರೆಡಿ, ತಟ್ಟೆ ಜಗಲಿಗೆ ಬಂತು. ಎರಡು ಹೊಡೆದರೆ ನೀರು ಬೇಕು. ಬಿಡದೆ ಹೊಡೆದರೆ ಅತ್ತೆಗೆ ಉಸಿರು ಕಟ್ಟುತ್ತಿದೆ, ಓಡಿ ಬಾ.

ಒಂದು ದಿನ ಅವರು ಡೈರಿಗೆ ಹೊರಡಲು ತುಂಬಿದ ಕ್ಯಾನು ಹಿಡಿದು ಗೇಟು ತಲುಪಿದ್ದಾರೆ, ಗಂಟೆ ಬಿಡದೆ ಹೊಡೆಯತೊಡಗಿತು. ಕ್ಯಾನು ಎಲ್ಲಿ ಬಿತ್ತೋ, ಚಪ್ಪಲಿ ಎಲ್ಲಿ ಹೋಯಿತೋ! ಆ ವಯಸ್ಸಿನಲ್ಲಿ ಆ ಓಟ ನಾನು ಕಂಡಿಲ್ಲ. ಹೊಸ್ತಿಲವರೆಗೆ ಬಂದವರು ಎರಡು ಕೈಯಲ್ಲೂ ಬಾಗಿಲವಾಡ ಹಿಡಿದು ತಮ್ಮನ್ನು ತಾವೇ ತಡೆದು ನಿಂತರು. ಒಳಗೆ ಅತ್ತೆ ಹುಣಿಸೆಹಣ್ಣು ಬಿಡಿಸುತ್ತಾ ಕೂತಿದ್ದಾರೆ.

"ಇದ್ದೀಯೇನಮ್ಮೀ?"

"ಇಲ್ದೆ ಇದ್ರೆ ನಿಂಗೆ ಸಾರು ಯಾರು ಕಾಯಿಸ್ತಾರೆ? ಅಲ್ ನೋಡು, ಗಂಟೆ ಒಡೀತಾ ಇರೋದು ನಿನ್ನ ಅಸ."

ಹಸು ಹಗ್ಗಕ್ಕೆ ಕೊಂಬು ಸಿಕ್ಕಿಸಿಕೊಂಡು ಸುಖವಾಗಿ ತಿಕ್ಕಿಕೊಳ್ಳುತ್ತಿತ್ತು. ಮಾವ ಅಷ್ಟು ಹತ್ತಿರ ಬಂದ ತಪ್ಪಿಗೆ ಹೋಗಿ ತಲೆಗೆ ನೀರು ಹುಯ್ದುಕೊಂಡರು. ಹೊಸ್ತಿಲನ್ನೂ ತೊಳೆಸಿದರು. ಚೆಲ್ಲಿದ ಹಾಲಿನ ಕಡೆ ತಿರುಗಿಯೂ ನೋಡದೆ ಸಂಜೆಯವರೆಗೂ ಅಡುಗೆಮನೆ ಕಿಟಕಿಯನ್ನೇ ನೋಡುತ್ತಾ ಕೂತಿದ್ದರು. ಅವತ್ತಿನಿಂದ ಅವರನ್ನು ನೋಡಿ ನಗುವಾಗ ಸ್ವಲ್ಪ ರಿಯಾಯಿತಿ ತೋರಿಸಿದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮಾವ ಮನೆಯೊಳಗೆ ಇದ್ದ ಕಾಲದಲ್ಲಿ ಅವರ ಬಾಯಲ್ಲಿ ಮಾತು ಬರುತ್ತಿದ್ದುದು ಮಳೆ ಬಂದಷ್ಟು ಅಪರೂಪ. ಶಿಫ್ಟಿನಿಂದ ಬಂದು, ಉಂಡು, ಮಲಗಿ, ಎದ್ದು ಹೋಗುವ ಮನುಷ್ಯ. ಗಣಿ ಮುಚ್ಚಿದ ಮೇಲೂ ಅಷ್ಟೇ. ಅತ್ತೆ ಮಾತಿಗೆ ಹ್ಞೂಂ ಅಂದರೆ ಅವತ್ತು ಹಬ್ಬ. ಅಂಥವರು ಕೊಟ್ಟಿಗೆ ಸೇರಿದ ಮೇಲೆ, ಸಂಜೆ ಹಾಲು ಕರೆದು ಕಂಬಕ್ಕೆ ಒರಗಿ ಕೂತು, ಅಂಗಳದ ಆ ಕಡೆ ಜಗಲಿಯಲ್ಲಿ ಕೂತ ಅತ್ತೆಯ ಜೊತೆ ಮಾತು ಶುರು ಮಾಡಿದರು! ನಡುವೆ ಅಷ್ಟಗಲ ಅಂಗಳ, ಇಬ್ಬರ ಮೂತಿಗೂ ಬಟ್ಟೆ. ಕೂಗಿಯೇ ಆಡಬೇಕು. ಬೀದಿಗೆಲ್ಲ ಕೇಳಿಸುತ್ತಿತ್ತು. ಟೀವಿಯಲ್ಲಿ ಸೀರಿಯಲ್ಲು ನಿಂತಿದ್ದ ದಿನಗಳವು. ಪಕ್ಕದ ಮನೆಯ ತಮಿಳಮ್ಮ ಕಾಂಪೌಂಡಿನ ಆಚೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಒಂದು ದಿನ ಗಾಳಿ ಜೋರಾಗಿದ್ದಾಗ ಅಲ್ಲಿಂದಲೇ ಕೇಳಿದರು: "ಅಣ್ಣಾ, ಕೊಂಜಂ ಜೋರಾ ಹೇಳಣ್ಣಾ, ಆಮೇಲೆ ಏನಾಚ್ಚು?"

ಮಾವ ಹೇಳುತ್ತಿದ್ದುದು ಭೂಮಿಯೊಳಗಿನ ಮಾತು. ದೀಪ ಆರಿಸಿದರೆ ಕತ್ತಲೆ ಕಣ್ಣಿಗೆ ಒತ್ತುವುದು, ಬಂಡೆಯನ್ನು ಮುಟ್ಟಿದರೆ ಜ್ವರ ಬಂದವರ ಹಣೆಯಂತೆ ಸುಡುವುದು, ಎಲ್ಲೋ ನೀರು ತೊಟ್ಟಿಕ್ಕುವುದು. ಸೂರ್ಯ ಇಳಿಯುತ್ತಿದ್ದ, ಕೊಟ್ಟಿಗೆಯ ಹೊಗೆ ಅಂಗಳದಲ್ಲಿ ನೀಲಿಯಾಗಿ ನಿಲ್ಲುತ್ತಿತ್ತು, ಮಾತು ಆ ಹೊಗೆಯಲ್ಲಿ ನಡೆದು ಬರುತ್ತಿತ್ತು. ಒಂದು ಸಂಜೆ ಅತ್ತೆ, ತಾನು ಹೊಸದಾಗಿ ಬಂದಾಗ ಕೆಳಗೆ ಬಂಡೆ ಸಿಡಿದರೆ ಇಲ್ಲಿ ಅಟ್ಟದ ಪಾತ್ರೆಗಳು ಗಲಗಲ ಅಲುಗುತ್ತಿದ್ದವು ಎಂದರು. ಅಲುಗಿದ ದಿನ ಒಲೆ ಆರಿಸಿ, ಇವರ ಸೈಕಲ್ಲು ಕಾಣುವವರೆಗೂ ಬಾಗಿಲಲ್ಲಿ ನಿಲ್ಲುತ್ತಿದ್ದರಂತೆ.

ಮಾವ ಕಂಬ ಬಿಟ್ಟು ನೆಟ್ಟಗೆ ಕೂತರು. ಆಮೇಲೆ, "ಯಾವತ್ತೂ ನಂಗೆ ಏಳ್ಲೇ ಇಲ್ಲ ನೀನು" ಎಂದರು.

"ನೀನು ಕೇಳ್ದ್ಯೇನು?"

ತಮಿಳಮ್ಮ ಕುರ್ಚಿಯನ್ನು ಕಾಂಪೌಂಡಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡರು.

ಬಸ್ಸು ರೈಲು ಓಡತೊಡಗಿ ನಾನು ಅಂಗಡಿಗೆ ವಾಪಸಾದೆ. ಭಾನುವಾರ ಬಂದರೆ ಮತ್ತೆ ಚಪ್ಪರವೇ. ಎರಡನೇ ಅಲೆ ಬಂದು ಊರಿನಲ್ಲಿ ಕೆಲವರನ್ನು ಒಯ್ದಿತು. ಅತ್ತೆಯ ಹೊಸ್ತಿಲು ಅದು ದಾಟಲಿಲ್ಲ. ಸೂಜಿ ಬಂತು. ಇಬ್ಬರಿಗೂ ಎರಡೂ ಸಲ ನಾನೇ ಆಟೋದಲ್ಲಿ ಕೂರಿಸಿಕೊಂಡು ಹೋಗಿ ಹಾಕಿಸಿದೆ. ಇನ್ನು ಒಟ್ಟಿಗೆ ಇರಬಹುದು ಎಂದು ಡಾಕ್ಟರು ಹೇಳಿದರು. ಮಾವ ಮಾತ್ರ, ಅದು ಮೈಗೆ ಇಳೀಬೇಕು ಕಣಮ್ಮಿ ಎಂದು ತಮ್ಮ ಕಡೆಯಿಂದ ಗಡುವು ಮುಂದೂಡುತ್ತಲೇ ಹೋದರು. ಅವರೆಕಾಯಿ ಕಾಲ ಬಂತು. ಕೊಟ್ಟಿಗೆಯಲ್ಲಿ ಚಳಿ ಹೆಚ್ಚಿತು. ಒಂದು ಭಾನುವಾರ ನಾನು ಕೂತು, ನನ್ನ ವ್ಯಾಪಾರದ ವಿದ್ಯೆಯನ್ನೆಲ್ಲ ಖರ್ಚು ಮಾಡಿ, ಅವರನ್ನು ಒಪ್ಪಿಸಿದೆ. ಸ್ನಾನವಾಯಿತು, ಶೇವಿಂಗ್ ಆಯಿತು. ಬಿಳಿ ಪಂಚೆ ಉಟ್ಟು ಹೆಣ್ಣು ನೋಡಲು ಬಂದವರ ಹಾಗೆ ಹೊಸ್ತಿಲ ಮುಂದೆ ನಿಂತರು.

ಅತ್ತೆ ಬಾಗಿಲಿಗೆ ಅಡ್ಡವಾಗಿ ನಿಂತಿದ್ದರು. ದಾರಿ ಬಿಡಲಿಲ್ಲ.

"ಒಳೀಕೆ ಬಂದ್ರೆ ನೀನು ಮಾತು ಬಿಟ್ಬಿಡ್ತೀಯ" ಎಂದರು. "ಅಂಗಾದ್ರೆ ಅಲ್ಲೇ ಇರು. ನಂಗೇನೂ ಇಲ್ಲ."

ನನ್ನ ನಾಲಿಗೆಯ ತುದಿಗೆ ಬುದ್ಧಿಮಾತು ಬಂದಿತ್ತು. ನುಂಗಿಕೊಂಡೆ. ಮಾವ ಕಾಲುಬೆರಳಿನಿಂದ ನೆಲ ಕೆದಕುತ್ತಿದ್ದರು.

"ಅಷ್ಟು ಅತ್ರದಿಂದ ಮಾತಾಡೋಕೆ ನಂಗೆ ನಾಚ್ಕೆ ಆಯ್ತದೆ."

ಅತ್ತೆ ಅವರನ್ನು ನೋಡಿದರು. ಆಮೇಲೆ ಪಕ್ಕಕ್ಕೆ ಸರಿದರು. "ಮೆಲ್ಲಕೆ ಆಡು. ಕೇಳಿಸ್ತದೆ."

ಸಂಜೆ ನಾನು ಬಸ್ಸಿಗೆ ಹೊರಟಾಗ ಕಾಂಪೌಂಡಿನ ಆಚೆ ತಮಿಳಮ್ಮ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದರು. ಅಂಗಳ ನಿಶ್ಶಬ್ದ. ಕಿಟಕಿಯಲ್ಲಿ ಕಂಡದ್ದು ಇಷ್ಟು: ಒಂದೇ ಬಟ್ಟಲಿನ ಎರಡು ಕಡೆ ಇಬ್ಬರು ಕೂತು ನೆನೆಹಾಕಿದ ಅವರೆಕಾಳು ಹಿತಕುತ್ತಿದ್ದಾರೆ. ಮಾವನ ತುಟಿ ಅಲ್ಲಾಡುತ್ತಿದೆ. ಅತ್ತೆ ತಲೆ ಬಗ್ಗಿಸಿ ಕೇಳುತ್ತಿದ್ದಾರೆ.

"ಏನಮ್ಮಾ, ಇವತ್ತು ಸತ್ತಮೇ ಇಲ್ಲ, ಸದ್ದೇ ಇಲ್ಲ" ಎಂದರು ತಮಿಳಮ್ಮ. "ಜಗಳ ಮಾಡ್ಕೊಂಡ್ರಾ?"

"ಇಲ್ಲ ಅಕ್ಕಾ," ಎಂದೆ, "ಮಾತಾಡ್ತಾ ಇದ್ದಾರೆ."